ಅಮ್ಮನಿಗೆ ಇಸ್ಕೀಮಿಕ್ ಕೊಲೈಟಿಸ್ ಇರಬಹುದಂತೆ, ಇಷ್ಟೆಲ್ಲ ಸ್ಕ್ಯಾನ್ ಬೇಕಾ?

ಅಮ್ಮನಿಗೆ 68 ವರ್ಷ. ನಿನ್ನೆ ರಾತ್ರಿ ಇದ್ದಕ್ಕಿದ್ದ ಹಾಗೆ ಎಡ ಹೊಟ್ಟೆ ಹಿಂಡಿದಂತೆ ನೋವು, ಬೆಳಗ್ಗೆ ಮಲದಲ್ಲಿ ರಕ್ತ. ಆಸ್ಪತ್ರೆಗೆ ಸೇರಿಸಿದ್ದೇವೆ. ದೊಡ್ಡ ಕರುಳಿಗೆ ರಕ್ತ ಸಾಲುತ್ತಿಲ್ಲ ಅನ್ನಿಸುತ್ತೆ ಅಂದರು ಡಾಕ್ಟರ್. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಈಗ ಕಾಂಟ್ರಾಸ್ಟ್ (ಸ್ಕ್ಯಾನ್‌ನಲ್ಲಿ ಒಳಭಾಗ ಸ್ಪಷ್ಟವಾಗಿ ಕಾಣಲು ಕೊಡುವ ಔಷಧಿ) ಕೊಟ್ಟು ಸಿಟಿ ಸ್ಕ್ಯಾನ್, ಆಮೇಲೆ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವುದು) ಅಂತಿದ್ದಾರೆ. ಎರಡೂ ಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ 1
ನಮ್ಮಪ್ಪನಿಗೂ ಹೀಗೇ ಆಗಿತ್ತು. ಎಕ್ಸ್‌ರೇ ಸರಿಯಿದೆ ಅಂತ ನಾವು ನಿರಾಳವಾಗಿಬಿಟ್ಟಿದ್ದೆವು. ಹಾಗೆ ಮಾಡಬೇಡಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರುವುದೇ ಜಾಸ್ತಿ. ಕರುಳು ತೂತಾಗಿದೆಯಾ, ಕಟ್ಟಿಕೊಂಡಿದೆಯಾ ಅಂತ ನೋಡಲು ಅದು ಉಪಯೋಗಕ್ಕೆ ಬರುತ್ತೆ, ಅಷ್ಟೇ.

ಸಿಟಿ ಆದ ಮೇಲೆ ಡಾಕ್ಟರ್ ನನ್ನನ್ನು ಪರದೆಯ ಮುಂದೆ ನಿಲ್ಲಿಸಿ ತೋರಿಸಿದರು. ಎಡಗಡೆ, ಗುಲ್ಮದ (ಸ್ಪ್ಲೀನ್) ಹತ್ತಿರ ದೊಡ್ಡ ಕರುಳು ಕೆಳಕ್ಕೆ ತಿರುಗುವ ಜಾಗದಲ್ಲಿ, ಗೋಡೆ ಊದಿಕೊಂಡು ದಪ್ಪಗಾಗಿತ್ತು. ಅದರ ಪಕ್ಕದ ಭಾಗ ತೆಳ್ಳಗೆ, ಮಾಮೂಲಾಗಿತ್ತು. ಊದಿದ ಆ ಜಾಗ ಎರಡು ರಕ್ತನಾಳಗಳ ಹರಿವು ಮುಗಿಯುವ ಗಡಿ. ನೀರು ಕಮ್ಮಿಯಾದರೆ ಕೊನೆಯ ಮಡಿ ಮೊದಲು ಒಣಗುತ್ತೆ ಅಲ್ವಾ, ಹಾಗೆ.

ಆದರೆ ಸೋಂಕಿನಿಂದಲೂ ಕರುಳು ಹೀಗೇ ಊದಬಹುದು. ಸಿಟಿ ಒಂದರಿಂದಲೇ ಖಚಿತ ಮಾಡಲು ಆಗಲ್ಲ. ಅದಕ್ಕೇ ಕೊಲೊನೋಸ್ಕೋಪಿಯಲ್ಲಿ ಒಳಗೆ ನೋಡಿ, ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಸಾಧ್ಯವಾದರೆ ಮೊದಲ 48 ಗಂಟೆಯೊಳಗೆ. ಕರುಳಿನ ಗೋಡೆಯೊಳಗೆ ಗಾಳಿ ಸೇರಿದೆ ಅಂತ ಸಿಟಿಯಲ್ಲಿ ಕಂಡರೆ ಮಾತ್ರ ಲೆಕ್ಕಾಚಾರ ಬದಲಾಗುತ್ತೆ. ಆಗ ಸರ್ಜನ್ ಬೇಗ ಬಂದು ನೋಡಬೇಕು.

ಉತ್ತರ 2
ಕಾಂಟ್ರಾಸ್ಟ್ ಸಿಟಿ ನಾನೇ ಮಾಡಿಸಿಕೊಂಡವಳು. ಕಾಂಟ್ರಾಸ್ಟ್ ಒಳಗೆ ಹೋದಾಗ ಮೈಯೆಲ್ಲ ಬಿಸಿಯಾಯಿತು, ಬಾಯಲ್ಲಿ ಕಬ್ಬಿಣದ ರುಚಿ, ಮೂತ್ರ ಹೋಗಿಬಿಟ್ಟಿತೇನೋ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಸರಿಹೋಯಿತು. ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ, ಗಾಬರಿಯಾಗಲ್ಲ. ಕಿಡ್ನಿ ತೊಂದರೆ, ಹಿಂದೆ ಕಾಂಟ್ರಾಸ್ಟ್‌ಗೆ ಅಲರ್ಜಿ ಆಗಿದ್ದರೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಿದ್ದರೆ ಮರೀದೆ ತಿಳಿಸಿ.

ಉತ್ತರ 3
ನಮ್ಮತ್ತೆಗೆ ಸಿಟಿ ಆಂಜಿಯೋ (ರಕ್ತನಾಳಗಳನ್ನು ನೋಡುವ ಸಿಟಿ) ಕೂಡ ಮಾಡಿದರು. ದೊಡ್ಡ ರಕ್ತನಾಳಗಳೆಲ್ಲ ಚೆನ್ನಾಗಿವೆ ಅಂತ ಬಂತು. ಹಾಗಾದರೆ ಈ ಕಾಯಿಲೆ ಅಲ್ವಾ ಅಂತ ಕೇಳಿದೆ. ಹಾಗಲ್ಲವಂತೆ. ಬಿಪಿ ಇಳಿದು ಸಣ್ಣ ನಾಳಗಳಿಗೆ ರಕ್ತ ಸಾಲದೆ ಹೋದರೂ ಹೀಗಾಗುತ್ತೆ, ದೊಡ್ಡ ನಾಳ ಕಟ್ಟಿಕೊಂಡಿರಲೇಬೇಕು ಅಂತಿಲ್ಲ. ಆದ್ದರಿಂದ ಎಲ್ಲರಿಗೂ ಆಂಜಿಯೋ ಬೇಕಾಗಲ್ಲ. ಬಲಗಡೆಯ ಕರುಳು ಮಾತ್ರ ಊದಿದ್ದರೆ ನೀವೇ ಡಾಕ್ಟರ್ ಹತ್ತಿರ ಆಂಜಿಯೋ ಬಗ್ಗೆ ಕೇಳಿ. ಆ ಭಾಗಕ್ಕೂ ಸಣ್ಣ ಕರುಳಿಗೂ ರಕ್ತ ಕೊಡುವುದು ಒಂದೇ ನಾಳ.