ಅಕ್ಕನ ಮಗಳ ಹೊಣೆ ಹೊತ್ತಿದ್ದೇವೆ, ಯಾವ ಕಾಗದಪತ್ರ ಮಾಡಿಸಬೇಕು?

ಪ್ರಶ್ನೆ: ಅಕ್ಕ, ಭಾವ ಇಬ್ಬರೂ ತೀರಿಕೊಂಡಿದ್ದು, ಅವರ 9 ವರ್ಷದ ಮಗಳು ಈಗ ಮೈಸೂರಿನಲ್ಲಿ ನಮ್ಮ ಮನೆಯಲ್ಲಿದ್ದಾಳೆ. ಹಾಸನದ ಕಡೆ ಭಾವನ ಹೆಸರಿನ ಜಮೀನಿದೆ, ಬ್ಯಾಂಕಿನಲ್ಲಿ ಠೇವಣಿಯೂ ಇದೆ. ಮಗು ನಮ್ಮಲ್ಲೇ ಇರಲೆಂದು ಭಾವನ ಅಣ್ಣಂದಿರು ಒಪ್ಪಿದ್ದಾರೆ. ಆ ಒಪ್ಪಿಗೆಯನ್ನು ಛಾಪಾ ಕಾಗದದ ಮೇಲೆ ಬರೆಸಿ ನೋಟರಿ ಮಾಡಿಸಿದರೆ ಸಾಕೇ?

ಮೊದಲ ಉತ್ತರ: ತಂಗಿಯ ಮಗನನ್ನು ಸಾಕುತ್ತಿರುವ ಸೋದರಮಾವ ನಾನು. ನೋಟರಿ ಪತ್ರದಿಂದ ತಾವು ಕಾನೂನಿನ ದೃಷ್ಟಿಯಲ್ಲಿ ರಕ್ಷಕರಾಗುವುದಿಲ್ಲ. ನಮ್ಮ ಹುಡುಗನನ್ನು ಶಾಲೆಗೆ ಸೇರಿಸುವಾಗ ಮರಣ ಪ್ರಮಾಣಪತ್ರಗಳು, ವರ್ಗಾವಣೆ ಪತ್ರ, ಆಧಾರ್ ಮತ್ತು ನನ್ನದೊಂದು ಮನವಿ ಸಾಕಾದವು. ಆದರೆ ಬ್ಯಾಂಕಿನವರು ಅವನಪ್ಪನ ಠೇವಣಿಯ ವಿಷಯಕ್ಕೆ ಬಂದಾಗ ನ್ಯಾಯಾಲಯದ ಆದೇಶವನ್ನೇ ಕೇಳಿದರು, ಹಾಗೆ ಕೇಳಿದ್ದು ಸರಿಯೂ ಹೌದು.

ಅಪ್ರಾಪ್ತ ಮಕ್ಕಳಿಗೆ ರಕ್ಷಕರನ್ನು ನೇಮಿಸುವ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ ಪ್ರಕಾರ ಮಗು ಸಾಮಾನ್ಯವಾಗಿ ಎಲ್ಲಿ ವಾಸವಾಗಿದೆಯೋ ಆ ವ್ಯಾಪ್ತಿಯ ನ್ಯಾಯಾಲಯದಲ್ಲಿ ಅರ್ಜಿ ಹಾಕಬೇಕು. ಆಸ್ತಿಯ ಮಟ್ಟಿಗಾದರೆ ಆಸ್ತಿ ಇರುವ ಜಿಲ್ಲೆಯಲ್ಲೂ ಹಾಕಬಹುದು. ಎರಡು ಕಡೆ ಓಡಾಡುವ ಬದಲು ಮಗುವಿನ ರಕ್ಷಣೆ, ಆಸ್ತಿ ಎರಡನ್ನೂ ಮೈಸೂರಿನಲ್ಲೇ ಒಟ್ಟಿಗೆ ಕೇಳಬಹುದೇ ಎಂದು ವಕೀಲರಲ್ಲಿ ಮೊದಲೇ ವಿಚಾರಿಸಿ. ಅರ್ಜಿಯಲ್ಲಿ ಮಗುವಿನ ಆಸ್ತಿಯ ವಿವರ ಮತ್ತು ಹತ್ತಿರದ ಬಂಧುಗಳೆಲ್ಲರ ಹೆಸರು, ವಿಳಾಸ ಇರಬೇಕು. ಮುನಿಸಿಕೊಂಡು ದೂರವಾದ ದೊಡ್ಡಪ್ಪನ ಹೆಸರನ್ನೂ ಬಿಡಬೇಡಿ. ಬಿಟ್ಟ ಹೆಸರೇ ಮುಂದೆ ತಕರಾರಿಗೆ ದಾರಿಯಾಗುತ್ತದೆ. ರಕ್ಷಕರಾಗಲು ಸಿದ್ಧವೆಂಬ ತಮ್ಮ ಘೋಷಣೆಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿಯೂ ಬೇಕು. ಭಾವನ ಅಣ್ಣಂದಿರ ಒಪ್ಪಿಗೆ ಪತ್ರ ವ್ಯರ್ಥವಲ್ಲ, ಅದನ್ನು ಅರ್ಜಿಯೊಂದಿಗೆ ಲಗತ್ತಿಸಿದರೆ ತೂಕ ಬರುತ್ತದೆ. ನಾಡಕಚೇರಿಯಿಂದ ವಂಶವೃಕ್ಷವನ್ನು ಈಗಲೇ ಪಡೆದಿಟ್ಟುಕೊಳ್ಳಿ. ಮಗುವಿಗೆ ತಿಳಿವಳಿಕೆಯ ವಯಸ್ಸಾಗಿದ್ದರೆ ನ್ಯಾಯಾಧೀಶರು ಅದರ ಇಚ್ಛೆಯನ್ನೂ ಪರಿಗಣಿಸುತ್ತಾರೆ. ನಮ್ಮ ಹುಡುಗನನ್ನು ಕೊಠಡಿಯೊಳಗೆ ಒಬ್ಬನನ್ನೇ ಕರೆದು ಮಾತನಾಡಿಸಿದರು. ತಮ್ಮ ಅಕ್ಕನ ಮಗಳಿಗೆ ಉತ್ತರಗಳನ್ನು ಬಾಯಿಪಾಠ ಮಾಡಿಸಿ ಕಳಿಸಬೇಡಿ.

ಆದೇಶ ಬಂದ ಮೇಲೂ ಜಮೀನು ತಮ್ಮ ಕೈಗೆ ಬಂದಂತಲ್ಲ. ಪೌತಿ ಖಾತೆಯಾಗಿ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬದಲಾಗಿ) ಪಹಣಿಯಲ್ಲಿ ಮಗುವಿನ ಹೆಸರಿನ ಜೊತೆಗೆ ರಕ್ಷಕರೆಂದು ತಮ್ಮ ಹೆಸರು ಬಂದಿದ್ದರೂ, ನ್ಯಾಯಾಲಯದ ಅನುಮತಿಯಿಲ್ಲದೆ ಅದನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, 5 ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗುತ್ತಿಗೆ ಕೊಡುವಂತೆಯೂ ಇಲ್ಲ. ಹಾಗೆ ಮಾರಿದರೆ ಮಗು ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಆ ಕ್ರಯವನ್ನು ರದ್ದುಪಡಿಸಲು ದಾವೆ ಹೂಡಬಹುದು.

ಎರಡನೆಯ ಉತ್ತರ: ದತ್ತು ತೆಗೆದುಕೊಳ್ಳಿ ಎಂದು ಸಲಹೆ ಕೊಡುವವರು ತಮಗೂ ಸಿಕ್ಕೇ ಸಿಗುತ್ತಾರೆ. ನಮಗೆ ಆಗಲೇ ಒಬ್ಬ ಮಗಳಿದ್ದುದರಿಂದ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಇನ್ನೊಂದು ಹೆಣ್ಣುಮಗುವನ್ನು ದತ್ತು ಪಡೆಯಲು ಬರುತ್ತಿರಲಿಲ್ಲ, ಹೀಗಾಗಿ ನಾವು ರಕ್ಷಕತ್ವವನ್ನೇ ಆರಿಸಿಕೊಂಡೆವು. ಬಾಲನ್ಯಾಯ ಕಾಯ್ದೆಯ ದಾರಿ ಬೇರೆ. ಅಲ್ಲಿ ಸಂಬಂಧಿಕರು ಎಂದರೆ ಚಿಕ್ಕಪ್ಪ, ದೊಡ್ಡಪ್ಪ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ ಮತ್ತು ಎರಡೂ ಕಡೆಯ ಅಜ್ಜ, ಅಜ್ಜಿಯರು. ತಂದೆತಾಯಿ ಇಲ್ಲದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಬೇಕು, 5 ವರ್ಷ ದಾಟಿದ ಮಗುವಿನ ಒಪ್ಪಿಗೆಯೂ ಬೇಕು. ದತ್ತು ಆದೇಶ ಹೊರಡಿಸುವ ಅಧಿಕಾರ 2022ರ ಸೆಪ್ಟೆಂಬರಿನಿಂದ ಜಿಲ್ಲಾಧಿಕಾರಿಗಳದ್ದು. ಈಗಿನ ಶಾಲೆ, ಬ್ಯಾಂಕು, ಜಮೀನಿನ ಕೆಲಸಕ್ಕೆ ದತ್ತು ಅನಿವಾರ್ಯವಲ್ಲ ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಉತ್ತರ: ಮೇಲಿನವರು ಹಣದ ನೆರವಿನ ಬಗ್ಗೆ ಹೇಳಿಲ್ಲ. ತಂದೆತಾಯಿಯಿಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಗುವಿಗೆ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಕುಟುಂಬದ ಆದಾಯಕ್ಕೆ ಮಿತಿಯಿದೆ. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೊಡಬೇಕು. ರಕ್ಷಕತ್ವದ ಆದೇಶ ಬರಲೆಂದು ಕಾಯದೆ ಈಗಲೇ ಅಲ್ಲಿ ವಿಚಾರಿಸಿ.