‘ಜನರೇಟಿವ್ ಎಐ’ಗೆ ‘ಉತ್ಪಾದಕ’ ಸರಿಹೋಗುತ್ತದೆಯೇ?

ಮಾನ್ಯರೆ,

ಮಂಡ್ಯ ಭಾಗದ ಕಬ್ಬು ಬೆಳೆಗಾರರಿಗಾಗಿ ಸಿದ್ಧಪಡಿಸುತ್ತಿರುವ ಕಿರುಹೊತ್ತಗೆಯೊಂದರಲ್ಲಿ ‘ಜನರೇಟಿವ್ ಎಐ’ (ಕೇಳಿದ್ದನ್ನು ಹೊಸದಾಗಿ ರಚಿಸಿಕೊಡುವ ಕೃತಕ ಬುದ್ಧಿಮತ್ತೆ) ಎಂಬುದನ್ನು ಕನ್ನಡದಲ್ಲಿ ಹೇಳಬೇಕಾಗಿದೆ. ‘ಉತ್ಪಾದಕ ಕೃತಕ ಬುದ್ಧಿಮತ್ತೆ’, ‘ಸೃಜನಶೀಲ ಕೃತಕ ಬುದ್ಧಿಮತ್ತೆ’ ಎಂಬ ರೂಪಗಳು ಬಳಕೆಯಲ್ಲಿ ಕಾಣುತ್ತವೆ. ಎಷ್ಟೋ ಕಡೆ ವಿಶೇಷಣವನ್ನೇ ಕೈಬಿಟ್ಟು ಬರಿದೇ ‘ಎಐ’ ಎನ್ನುತ್ತಾರೆ. ನನಗೆ ಹೆಚ್ಚು ತೊಡಕಾಗಿ ತೋರುವುದು ಈ ಕೊನೆಯ ರೂಢಿಯೇ.

ಸೀಳಿದ ಕಬ್ಬಿನ ಒಳಭಾಗ ಕೆಂಪಾಗಿ, ನಡುನಡುವೆ ಅಡ್ಡಲಾಗಿ ಬಿಳಿ ಮಚ್ಚೆ ಬಿದ್ದಿರುವ ಫೋಟೊವನ್ನು ನೋಡಿ ‘ಇದು ಕೆಂಪು ಕೊಳೆ ರೋಗ’ ಎಂದು ಗುರುತಿಸುವ ತಂತ್ರಾಂಶವು, ಮುಂದಿಟ್ಟದ್ದನ್ನು ತಾನು ಕಲಿತ ವರ್ಗಗಳಲ್ಲಿ ಒಂದಕ್ಕೆ ಸೇರಿಸುತ್ತದೆಯೇ ಹೊರತು ಹೊಸದಾಗಿ ಏನನ್ನೂ ರಚಿಸುವುದಿಲ್ಲ. ಅದೇ ರೋಗದ ಬಗ್ಗೆ ಕರಪತ್ರ ಬರೆದುಕೊಡೆಂದರೆ ಬರೆದುಕೊಡುವ ಚಾಟ್‌ಜಿಪಿಟಿಯಂಥದ್ದು ಜನರೇಟಿವ್. ಯಾವ ತುಣುಕಿನ ಮುಂದೆ ಯಾವುದು ಬರುವ ಸಂಭವ ಎಷ್ಟೆಂಬುದನ್ನು ಅಪಾರ ಪಠ್ಯದಿಂದ ಕಲಿತು, ಒಂದೊಂದೇ ತುಣುಕನ್ನು ಪೋಣಿಸುತ್ತ ಅದು ವಾಕ್ಯ ಕಟ್ಟುತ್ತದೆ; ಆದ್ದರಿಂದ ಕರಪತ್ರದ ಮಾತು ಸರಾಗವಾಗಿದ್ದೂ ಅದರಲ್ಲಿ ಹೇಳಿದ ಔಷಧಿಯ ಪ್ರಮಾಣ ತಪ್ಪಾಗಿರಬಹುದು. ಮೊದಲನೆಯದು ತಪ್ಪಿದರೆ ರೋಗದ ಹೆಸರು ತಪ್ಪುತ್ತದೆ, ಎರಡನೆಯದು ಇಲ್ಲದ್ದನ್ನೇ ಇದೆಯೆಂದು ಹೇಳಿಬಿಡಬಹುದು. ರೈತರಿಗೆ ಈ ಭೇದ ತಿಳಿಯಲೇಬೇಕು.

‘ಜನರೇಟಿವ್’ ಎಂಬ ವಿಶೇಷಣವೇನೂ 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿಯೊಡನೆ ಹುಟ್ಟಿದ್ದಲ್ಲ. 2014ರಲ್ಲಿ ಎಐ ಸಂಶೋಧಕ ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ಮುಂದಿಟ್ಟ, ಚಿತ್ರಗಳನ್ನು ರಚಿಸಬಲ್ಲ ‘ಜನರೇಟಿವ್ ಅಡ್ವರ್ಸೇರಿಯಲ್ ನೆಟ್‌ವರ್ಕ್’ ಎಂಬ ವಿಧಾನದ ಹೆಸರಿನಲ್ಲಿ ಅದಿತ್ತು, ‘ಜಿಪಿಟಿ’ಯ ‘ಜಿ’ ಕೂಡ ಅದೇ.

‘ಸೃಜನಶೀಲ’ ಎಂಬುದು ಕವಿಗಳಿಗೆ ಸಲ್ಲುವ ಹೊಗಳಿಕೆ. ಯಂತ್ರಕ್ಕೆ ಅದು ಸಲ್ಲುತ್ತದೆಯೇ ಎಂಬ ವಾದವನ್ನು ಹೆಸರಿಡುವಾಗಲೇ ತೀರ್ಮಾನಿಸಿಬಿಡುವುದು ತರವಲ್ಲ. ‘ಉತ್ಪಾದಕ’ ಅರ್ಥಕ್ಕೆ ಹತ್ತಿರವಿದೆ, ಆದರೆ ಊರೂರಿನಲ್ಲೂ ಹಾಲು ಉತ್ಪಾದಕರ ಸಹಕಾರ ಸಂಘವಿರುವ ಈ ಜಿಲ್ಲೆಯಲ್ಲಿ ಆ ಪದ ಕಿವಿಗೆ ಬಿದ್ದೊಡನೆ ಮನಸ್ಸು ಡೇರಿಗೇ ಹೋಗುತ್ತದೆ. ‘ಜನಕ’ವು ಆಮ್ಲಜನಕ, ರೋಗಜನಕಗಳಲ್ಲಿ ಉತ್ತರಪದವಾಗಿ ಚೆನ್ನಾಗಿ ನಿಲ್ಲುತ್ತದೆ, ಮೊದಲಿಗಿಟ್ಟರೆ ಸೀತೆಯ ತಂದೆ ನೆನಪಾದಾನು. ‘ರಚನಾತ್ಮಕ’ಕ್ಕೆ ಬೇರೆ ಅರ್ಥ ಈಗಾಗಲೇ ನೆಲೆಸಿದೆ.

ಸದ್ಯಕ್ಕೆ ಕೃದಂತವನ್ನೇ ಬಳಸಿ ‘ರಚಿಸುವ ಎಐ’, ಅದರಿಂದ ಬಂದದ್ದಕ್ಕೆ ‘ಎಐ ರಚಿತ’ ಎಂದು ಬರೆದಿದ್ದೇನೆ. ಹೀಗೆ ಬರೆದದ್ದು ಪಾರಿಭಾಷಿಕ ಪದವಾಗಿ ನಿಲ್ಲಬಲ್ಲದೇ, ಇಲ್ಲವೇ ಓದುಗರು ಅದನ್ನು ಬರಿಯ ವಿವರಣೆಯೆಂದು ದಾಟಿಹೋಗುವರೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.