ಪಾಯಿಂಟ್ ಜಾಸ್ತಿ ಮಾಡಿದಷ್ಟೂ ಎರರ್ ಜಾಸ್ತಿ ಆಗ್ತಿದೆ, ಯಾಕೆ?

ಧಾರವಾಡ ಎಂಎಸ್ಸಿ:
ನಮಸ್ಕಾರ. ಪ್ರಾಜೆಕ್ಟಿಗೆ ಒಂದು ಸಣ್ಣ ಸಮೀಕರಣ ತೆಗೆದುಕೊಂಡಿದ್ದೇನೆ: ಮೈನಸ್ ಎಪ್ಸಿಲಾನ್ ಯು ಡಬಲ್ ಪ್ರೈಮ್ ಪ್ಲಸ್ ಯು ಪ್ರೈಮ್ ಈಕ್ವಲ್ ಟು 1. ಸೊನ್ನೆಯಿಂದ ಒಂದರವರೆಗೆ, ಎರಡೂ ತುದಿಯಲ್ಲಿ ಯು ಸೊನ್ನೆ. ಎಪ್ಸಿಲಾನ್ 0.0001. ಈ ದೂರವನ್ನು ಸಮ ಭಾಗ ಮಾಡಿ, ಯು ಪ್ರೈಮ್‌ಗೆ ಸೆಂಟ್ರಲ್ ಡಿಫರೆನ್ಸ್ (ಎರಡೂ ಪಕ್ಕದ ಪಾಯಿಂಟ್‌ಗಳ ವ್ಯತ್ಯಾಸ) ಹಾಕಿದರೆ ಗ್ರಾಫ್ ಗರಗಸದ ಹಲ್ಲಿನ ಹಾಗೆ ಕುಣಿಯುತ್ತದೆ. ಅದಕ್ಕೆ ಅಪ್‌ವಿಂಡ್‌ಗೆ (ಹರಿವು ಬರುವ ಕಡೆಯ ಪಕ್ಕದ ಪಾಯಿಂಟ್ ಮಾತ್ರ ಬಳಸುವ ವಿಧಾನ) ಬಂದೆ, ಗ್ರಾಫ್ ನುಣ್ಣಗಾಯಿತು, ಖುಷಿಯೂ ಆಯಿತು. ಆದರೆ ನಿಜವಾದ ಉತ್ತರಕ್ಕೆ ಹೋಲಿಸಿ ಅತಿ ದೊಡ್ಡ ಎರರ್ ನೋಡಿದರೆ 64 ಭಾಗಕ್ಕೆ 0.0064, 128ಕ್ಕೆ 0.0126, 256ಕ್ಕೆ 0.025, 512ಕ್ಕೆ 0.0487. ಭಾಗ ಡಬಲ್ ಮಾಡಿದರೆ ಎರರ್ ಅರ್ಧ ಆಗಬೇಕು ಅಲ್ವಾ? ಇಲ್ಲಿ ಅದೂ ಡಬಲ್ ಆಗುತ್ತಿದೆ! ಮೂರು ದಿನದಿಂದ ಕೋಡ್ ತಡಕಾಡಿ ಸಾಕಾಗಿದೆ. ಶುಕ್ರವಾರ ಗೈಡ್‌ಗೆ ತೋರಿಸಬೇಕು.

ಹುಬ್ಬಳ್ಳಿ ಕೋಡರ್:
ನಿಮ್ಮ ಕೋಡ್ ಸರಿ ಇದೆ. ನಾನೂ ಬರೆದು ಓಡಿಸಿದೆ, ಅವೇ ಅಂಕಿ ಬಂದವು. ಅಲ್ಲಿಗೇ ನಿಲ್ಲಿಸಬೇಡಿ, ಮುಂದೆ ಹೋಗಿ: 4096ಕ್ಕೆ 0.2035, 8192ಕ್ಕೆ 0.155, 16384ಕ್ಕೆ 0.09. ಗುಡ್ಡ ಹತ್ತಿ ಇಳಿದ ಹಾಗೆ. ಸೆಂಟ್ರಲ್‌ನ ಕುಣಿತ ನಿಲ್ಲಬೇಕಾದರೂ ಭಾಗಗಳು 5000 ದಾಟಬೇಕು, ಯಾಕೆಂದರೆ ಸ್ಟೆಪ್ (ಒಂದು ಭಾಗದ ಅಗಲ) ಎಪ್ಸಿಲಾನ್‌ನ ಎರಡರಷ್ಟಕ್ಕಿಂತ ಕಡಿಮೆ ಇರಬೇಕು.

ಹಾವೇರಿ ಮೇಷ್ಟ್ರು:
ತಂಗಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಸುರಿಯುವಾಗ ಗಾಳಿ ಬರುವ ಕಡೆ ನಿಂತವರಿಗೆ ಘಾಟು ತಟ್ಟುವುದಿಲ್ಲ, ಗಾಳಿ ಹೋಗುವ ಕಡೆ ನಿಂತವರು ಕೆಮ್ಮುತ್ತಾರೆ. ಸೆಂಟ್ರಲ್ ಡಿಫರೆನ್ಸ್ ಎರಡೂ ಕಡೆಯವರ ಮಾತನ್ನು ಸಮ ಸಮ ಕೇಳುತ್ತದೆ, ಅದಕ್ಕೇ ಕುಣಿತ. ಅಪ್‌ವಿಂಡ್ ಗಾಳಿ ಬರುವ ಕಡೆಯವರನ್ನೇ ಕೇಳುತ್ತದೆ. ಆದರೆ ಅದು ಪುಕ್ಕಟೆ ಬರುವುದಿಲ್ಲ, ಸ್ಟೆಪ್‌ನ ಅರ್ಧದಷ್ಟು ಡಿಫ್ಯೂಷನ್ (ಎಪ್ಸಿಲಾನ್ ಮಾಡುವ ಹರಡುವ ಕೆಲಸ) ತಾನೇ ಸೇರಿಸಿಬಿಡುತ್ತದೆ. 64 ಭಾಗಕ್ಕೆ ಅದು 0.0078, ಅಂದರೆ ನಿನ್ನ ಎಪ್ಸಿಲಾನ್‌ನ 78 ಪಟ್ಟು!

ಇನ್ನು ಎರರ್ ವಿಷಯ. ಉತ್ತರ 1ರ ಹತ್ತಿರ ಎಪ್ಸಿಲಾನ್ ಅಗಲದ ತೆಳು ಪದರದಲ್ಲಿ ಧೊಪ್ಪನೆ ಬೀಳುತ್ತದೆ. 64 ಭಾಗ ಇದ್ದಾಗ ಆ ಪದರದ ಒಳಗೆ ನಿನ್ನ ಪಾಯಿಂಟ್ ಒಂದೂ ಇಲ್ಲ. 0.0064 ಅಂತ ಚಿಕ್ಕದಾಗಿ ಕಂಡಿದ್ದು ಅದಕ್ಕೇ, ಪದರವನ್ನು ಸರಿಯಾಗಿ ಹಿಡಿದಿದ್ದಕ್ಕಲ್ಲ. ಸ್ಟೆಪ್ ಭಾಗಿಸು ಎಪ್ಸಿಲಾನ್ ಅನ್ನುವುದನ್ನು ರೋ ಅಂತ ಕರೆ. ಕೊನೆಯ ಒಳಪಾಯಿಂಟಿನ ಎರರ್ ಹೆಚ್ಚು ಕಡಿಮೆ ಇಷ್ಟು: ಒಂದನ್ನು ‘ಒಂದು ಪ್ಲಸ್ ರೋ’ ಮೊತ್ತದಿಂದ ಭಾಗಿಸು, ಬಂದದ್ದರಿಂದ ಇ ಘಾತ ಮೈನಸ್ ರೋ ಕಳೆ. ರೋ ಸುಮಾರು 2.5 ಆದಾಗ ಅದು 0.2 ಮುಟ್ಟುತ್ತದೆ. ಎಪ್ಸಿಲಾನ್ ಎಷ್ಟೇ ಚಿಕ್ಕದಿರಲಿ, ಯಾವುದೋ ಒಂದು ಸ್ಟೆಪ್‌ಗೆ ಈ 0.2 ಎದುರಾಗಿಯೇ ಆಗುತ್ತದೆ. ಕ್ಲಾಸಿನಲ್ಲಿ ‘ಸಿ ಇಂಟು ಎಚ್’ ಅಂತ ಎರರ್ ಬರೆಯುತ್ತೇವಲ್ಲ (ಎಚ್ ಅಂದರೆ ಸ್ಟೆಪ್), ಆ ಸಿ ಒಳಗೆ ಯು ಡಬಲ್ ಪ್ರೈಮ್ ಕೂತಿದೆ, ಇಲ್ಲಿ ಅದರ ಬೆಲೆ ಸುಮಾರು 10 ಕೋಟಿ. ಸುಮ್ನೆ ಸಿ ಅಂತ ಬರೆದು ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ, ಮಕ್ಕಳು ಎಡವುವುದೇ ಅಲ್ಲಿ.

ಶಿಶ್ಕಿನ್ ಮೆಶ್ ಹಾಕಿ ನೋಡು, ಅಂದರೆ ತೆಳು ಪದರದ ಕಡೆ ಪಾಯಿಂಟ್‌ಗಳನ್ನು ಒತ್ತಾಗಿ ಇಡುವ ಜಾಲರಿ. 1ರ ಪಕ್ಕ 2 ಇಂಟು ಎಪ್ಸಿಲಾನ್ ಇಂಟು ನ್ಯಾಚುರಲ್ ಲಾಗ್ ಎನ್ ಅಗಲದ ಜಾಗ ಬಿಡು (ಎನ್ ಅಂದರೆ ಭಾಗಗಳ ಸಂಖ್ಯೆ), 64ಕ್ಕೆ ಅದು 0.00083. ಅರ್ಧ ಪಾಯಿಂಟ್ ಅಲ್ಲಿ, ಅರ್ಧ ಉಳಿದ ಕಡೆ. ಆಗ ಎರರ್ ‘ಲಾಗ್ ಎನ್ ಭಾಗಿಸು ಎನ್’ ಲೆಕ್ಕದಲ್ಲಿ ಇಳಿಯುತ್ತದೆ, ಆ ಸಿ ಒಳಗೆ ಎಪ್ಸಿಲಾನ್ ಇರುವುದಿಲ್ಲ. ಲಾಗ್ ಇರುವುದರಿಂದ ಪೂರ್ತಿ ಅರ್ಧ ಆಗುವುದಿಲ್ಲ, ಗಾಬರಿಯಾಗಬೇಡ.

ಧಾರವಾಡ ಎಂಎಸ್ಸಿ:
ಸರ್, ರಾತ್ರಿಯೇ ಮಾಡಿದೆ. 64ಕ್ಕೆ 0.044, 128ಕ್ಕೆ 0.026. ಮೊದಲಿನ 0.0064ಕ್ಕಿಂತ ದೊಡ್ಡದು ಅಂತ ಒಂದು ಕ್ಷಣ ಬೇಜಾರಾಯಿತು, ಆಮೇಲೆ ಹೊಳೆಯಿತು, ಈಗ ಪಾಯಿಂಟ್‌ಗಳು ಪದರದ ಒಳಗೇ ಕೂತು ಅಲ್ಲಿನ ಎರರ್ ತೋರಿಸುತ್ತಿವೆ. ಎಪ್ಸಿಲಾನ್ ಇನ್ನೂ ಸಾವಿರ ಪಟ್ಟು ಚಿಕ್ಕದು ಮಾಡಿ ಓಡಿಸಿದೆ. ಅದೇ 0.044, ಅದೇ 0.026!